ಮೂವತ್ನಾಲ್ಕನೆಯ ಚೇಂಬರು

ಪಾಳಿ ಶುರುವಾಗಲು ಇನ್ನೂ ಹತ್ತು ನಿಮಿಷವಿತ್ತು. ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದ ಅವಳು ಕೈಚೀಲವನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ, ಯಾರಾದರೂ ಏಳು ಎಂದರೆ ಹಾಗೆಯೇ ಎದ್ದು ಹೋಗಲು ತಯಾರಾಗಿ ಬಂದವಳಂತೆ. ಎದುರಿನ ಪರದೆಯ ಮೇಲೆ ತೊಂಬತ್ತಾರು ಪುಟ್ಟ ಚೌಕಗಳು, ಒಂದೊಂದೂ ಒಂದೊಂದು ಚೇಂಬರು, ತೊಂಬತ್ತಾರೂ ಹಸಿರು. ಆ ಚೇಂಬರುಗಳಿರುವುದು ಅವಳ ಕಾಲ ಕೆಳಗೆ, ನೂರು ಮೀಟರು ಆಳದಲ್ಲಿ. ಮಂಚದಷ್ಟು ಉದ್ದದ ಚಪ್ಪಟೆ ಅಲ್ಯೂಮಿನಿಯಂ ಪೆಟ್ಟಿಗೆಗಳು, ಒಳಗೆ ಕೂದಲೆಳೆಗಿಂತ ತೆಳುವಾದ ತಂತಿಗಳು, ತಂತಿಗಳ ಸುತ್ತ ಸದಾ ಹರಿಯುವ ಅನಿಲ. ಭೌತವಿಜ್ಞಾನಿಗಳ ಆ ಸುರಂಗದಲ್ಲಿ ಕಣಕ್ಕೆ ಕಣ ಡಿಕ್ಕಿ ಹೊಡೆದು ಚೆಲ್ಲಾಪಿಲ್ಲಿಯಾದ ಚೂರುಗಳಲ್ಲಿ ಯಾವುದಾದರೊಂದು ಆ ಪೆಟ್ಟಿಗೆಯನ್ನು ಹಾದುಹೋದರೆ ತಂತಿಯಲ್ಲೊಂದು ಮಿಡಿತ ಹುಟ್ಟುತ್ತದೆ. ಆ ಮಿಡಿತ ಇರಬೇಕಾದಷ್ಟು ಎತ್ತರ ಇದೆಯೋ ಇಲ್ಲವೋ ನೋಡಿ ಹೇಳುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಮೂರನೆಯ ಸಾಲಿನ ಹತ್ತನೆಯ ಚೌಕವನ್ನು ಮಾತ್ರ ಅವಳ ಕಣ್ಣು ಬಳಸಿಕೊಂಡು ಮುಂದೆ ಹೋಗುತ್ತಿತ್ತು, ಮದುವೆಮನೆಯಲ್ಲಿ ಮಾತು ಬಿಟ್ಟ ಓರಗಿತ್ತಿ ಎದುರಾದರೆ ಸೀರೆಯ ಅಂಚು ಸರಿಮಾಡಿಕೊಳ್ಳುತ್ತ ಪಕ್ಕಕ್ಕೆ ಸರಿಯುವ ಹಾಗೆ. ಅದು ಮೂವತ್ನಾಲ್ಕನೆಯ ಚೇಂಬರು. ಅದೂ ಉಳಿದ ತೊಂಬತ್ತೈದರಷ್ಟೇ ಹಸಿರಾಗಿತ್ತು. ಆ ಹಸಿರು ಸುಳ್ಳೆಂದು ಗೊತ್ತಿದ್ದದ್ದು ಇಡೀ ಕಟ್ಟಡದಲ್ಲಿ ಅವಳೊಬ್ಬಳಿಗೆ.

ಬೆಳಿಗ್ಗೆ ಮನೆಯಲ್ಲಿ ಮಗಳು ಕಾಲೇಜಿನ ಯಾವುದೋ ಅರ್ಜಿ ಹಿಡಿದುಕೊಂಡು ಅಡುಗೆಮನೆಗೆ ಬಂದಿದ್ದಳು. "ಅಮ್ಮಾ, ತಾಯಿಯ ಉದ್ಯೋಗ ಅಂತ ಇದೆ. ಏನಂತ ಬರೀಲಿ?" "ಸಿಗ್ನಲ್ ಗುಣಮಟ್ಟದ ಮೇಲ್ವಿಚಾರಕಿ ಅಂತ ಬರಿ." "ಅಂದ್ರೇನು ಮಾಡೋದು?" "ಚೇಂಬರುಗಳಿಂದ ಬರೋ ಸಿಗ್ನಲ್ಲು ಸರಿಯಿದೆಯಾ ನೋಡೋದು." "ಸರಿಯಿದ್ರೆ?" "ಸರಿಯಿದೆ ಅಂತ ಹೇಳೋದು." ಮಗಳು ಪೆನ್ನು ಬಾಯಿಗಿಟ್ಟುಕೊಂಡು ನಕ್ಕಳು. "ಸಂಬಳ ಕೊಟ್ಟು ಸರಿಯಿದೆ ಅನ್ನಿಸ್ಕೊಳ್ತಾರಾ! ಅಪ್ಪನಿಗೆ ಇಷ್ಟು ವರ್ಷದಲ್ಲಿ ಒಂದು ಸಲಾನೂ ಪುಕ್ಕಟೆ ಅಂದಿಲ್ಲವಲ್ಲ ನೀನು." ಒಳಗಿನ ಕೋಣೆಯಿಂದ ಗಂಡನೂ ನಕ್ಕದ್ದು ಕೇಳಿಸಿತು. ಅವನು ಶಾಲೆಯಲ್ಲಿ ಚಿತ್ರಕಲೆ ಕಲಿಸುವವನು, ಹೆಂಡತಿಯ ಕೆಲಸದ ಬಗ್ಗೆ ಕೇಳಬೇಕಾದ್ದನ್ನೆಲ್ಲ ಮದುವೆಯಾದ ವರ್ಷವೇ ಕೇಳಿ ಮುಗಿಸಿದವನು. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಇವತ್ತು ತೊಳೆಯುತ್ತಿದ್ದ ಲೋಟ ಕೈಯಿಂದ ಜಾರಿ ತೊಟ್ಟಿಯೊಳಗೆ ಬಿತ್ತು. ಒಡೆಯಲಿಲ್ಲ. ಒಡೆಯದೆ ಉಳಿದದ್ದಕ್ಕೆ ಅವಳಿಗೆ ಯಾಕೋ ಇನ್ನಷ್ಟು ಸಿಟ್ಟು ಬಂದು, "ನಗೋದು ಮುಗಿದಿದ್ರೆ ಆ ಬಾಗಿಲಿಂದ ಪಕ್ಕಕ್ಕೆ ಸರಿ, ನನಗೆ ಬಸ್ಸು ತಪ್ಪುತ್ತೆ" ಎಂದು ರೇಗಿದಳು. ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿತ್ತು. ನಿಲ್ದಾಣದ ತಣ್ಣನೆಯ ಕಬ್ಬಿಣದ ಬೆಂಚಿನ ಮೇಲೆ ಆ ಅರ್ಧ ಗಂಟೆಯನ್ನು ಅವಳು ದಿನಗಳನ್ನು ಎಣಿಸುತ್ತ ಕಳೆದಳು. ಎಷ್ಟು ಸಲ ಎಣಿಸಿದರೂ ನಲವತ್ತೊಂದು.

ಆ ನಲವತ್ತೊಂದು ದಿನಕ್ಕೂ ನಾಲ್ಕು ದಿನ ಹಿಂದೆ ಅವಳು ದೊಡ್ಡ ಅಲಾರಂ ಒತ್ತಿದ್ದಳು. ಆವತ್ತು ನೋಡುನೋಡುತ್ತಿದ್ದಂತೆ ಪರದೆಯ ಚೌಕಗಳೆಲ್ಲ ಹಳದಿಗೆ ತಿರುಗಿದ್ದವು, ಎಲ್ಲ ಚೇಂಬರುಗಳ ಮಿಡಿತವೂ ಒಟ್ಟಿಗೆ ಎತ್ತರವಾಗಿತ್ತು. ಅವಳು ಎದ್ದುನಿಂತು "ನಿಲ್ಲಿಸಿ, ನಿಲ್ಲಿಸಿ" ಎಂದು ಕೂಗಿದ್ದಳು. ಕೂಗಿದ ರೀತಿ ಆಮೇಲೆ ನೆನಪಾದಾಗೆಲ್ಲ ಕಿವಿ ಬಿಸಿಯಾಗುತ್ತಿತ್ತು, ಹಾಲು ಉಕ್ಕುವುದನ್ನು ಕಂಡವಳ ಕೂಗು ಅದು. ಐವತ್ತು ನಿಮಿಷ ದತ್ತಾಂಶ ಸಂಗ್ರಹ ನಿಂತಿತು. ನಾಲ್ಕು ಜನ ಓಡಿಬಂದರು. ಕಡೆಗೆ ನೋಡಿದರೆ ಏನೂ ಇಲ್ಲ, ಹೊರಗೆ ಬಿರುಗಾಳಿ ಬರುವುದರಲ್ಲಿತ್ತು, ಗಾಳಿಯ ಒತ್ತಡ ಇಳಿದಿತ್ತು, ಒತ್ತಡ ಇಳಿದರೆ ಅನಿಲದೊಳಗಿನ ಮಿಡಿತ ದೊಡ್ಡದಾಗುತ್ತದೆ, ಅಷ್ಟೇ. ಅದನ್ನು ಸರಿದೂಗಿಸಬೇಕಿದ್ದ ಒತ್ತಡಮಾಪಕ ಬೆಳಗಿನಿಂದ ಒಂದೇ ಅಂಕಿ ತೋರಿಸುತ್ತ ಸ್ತಬ್ಧವಾಗಿ ನಿಂತುಬಿಟ್ಟಿತ್ತು. ಪರದೆಯ ಮೂಲೆಯಲ್ಲಿರುವ ಆ ಅಂಕಿಯನ್ನು ಮೊದಲು ನೋಡಿ, ಆಮೇಲೆ ಗಾಬರಿಯಾಗಿ ಎಂದು ಹೊಸಬರಿಗೆ ಹತ್ತೊಂಬತ್ತು ವರ್ಷದಿಂದ ಹೇಳಿಕೊಡುತ್ತಿದ್ದವಳು ಅವಳೇ. ಮರುದಿನದ ಸಭೆಯಲ್ಲಿ ಪ್ರಯೋಗದ ಮುಖ್ಯಸ್ಥರು, ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಕೆಟ್ಟ ಮನುಷ್ಯರೇನಲ್ಲ, "ಅಕ್ಕಾವ್ರೇ, ನಾಳೆ ಬಟ್ಟೆ ಒಣಹಾಕಬಹುದಾ ಅಂತಾನೂ ಹೇಳಿಬಿಡಿ" ಎಂದರು. ಸಭೆ ಘೊಳ್ಳೆಂದಿತು. ಅವಳೂ ಎಲ್ಲರ ಜೊತೆ ನಕ್ಕಳು, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ ನಕ್ಕಳು. ಸಂಜೆಯ ಹೊತ್ತಿಗೆ 'ಹವಾಮಾನ ಇಲಾಖೆ' ಎನ್ನುವ ಹೆಸರು ಅವಳಿಗೆ ಅಂಟಿಕೊಂಡಿತ್ತು. ಕ್ಯಾಂಟೀನಿನ ಸಾಲಿನಲ್ಲಿ ಯಾರೋ ಹಿಂದಿನಿಂದ "ಇಲಾಖೆಯವರಿಗೆ ದಾರಿ ಬಿಡ್ರಪ್ಪಾ" ಎಂದಾಗ ಅವಳು ತಟ್ಟೆ ಹಿಡಿದುಕೊಂಡು ಮುಗುಳ್ನಕ್ಕು ಮುಂದೆ ಹೋದಳು.

ಅದಾದ ಮೂರನೆಯ ದಿನ, ಮಂಗಳವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮೂವತ್ನಾಲ್ಕನೆಯ ಚೌಕ ಹಳದಿಯಾಯಿತು. ಅದೊಂದೇ. ಮಿಡಿತದ ಎತ್ತರ ಸ್ವಲ್ಪವೇ ಸ್ವಲ್ಪ ಇಳಿದಿತ್ತು. ಅವಳು ಈ ಸಲ ಮೂಲೆಯ ಅಂಕಿ ನೋಡಿದಳು, ಒತ್ತಡ ಏರಿತ್ತು. ಹವೆಯೇ ಇರಬೇಕು ಎಂದುಕೊಂಡಳು. ಹವೆಯಾಗಿದ್ದರೆ ತೊಂಬತ್ತಾರಕ್ಕೂ ಆಗಬೇಕಿತ್ತು, ಒಂದಕ್ಕೇ ಆಗುವುದಿಲ್ಲ ಎನ್ನುವುದು ಆ ಮಾತು ಮನಸ್ಸಿನಲ್ಲಿ ಮುಗಿಯುವ ಮೊದಲೇ ಅವಳಿಗೆ ಗೊತ್ತಿತ್ತು. ಕೈ ಫೋನಿನವರೆಗೆ ಹೋಯಿತು. ಪಕ್ಕದ ಮೇಜಿನಲ್ಲಿ ಚೇಂಬರುಗಳ ಹೈವೋಲ್ಟೇಜ್ ವಿದ್ಯುತ್ತು ನೋಡುವವನು ಆಕಳಿಸುತ್ತ ಅವಳ ಕಡೆ ತಿರುಗಿ, "ಏನಕ್ಕಾ, ಮಳೆ ಬರತ್ತಾ?" ಎಂದ. ಸುಮ್ಮನೆ ಅಂದದ್ದು. ಕೈ ಫೋನಿನಿಂದ ಮೌಸಿನ ಮೇಲೆ ಬಂತು. ಪ್ರತಿ ಚೇಂಬರಿಗೂ ಹೋಲಿಸಿ ನೋಡಲೆಂದು ಒಂದು ಮಾದರಿ ಗೆರೆ ಇರುತ್ತದೆ, ಇವತ್ತಿನ ಗೆರೆ ಮಾದರಿಗಿಂತ ಬೇರೆಯಾದರೆ ಚೌಕ ಬಣ್ಣ ಬದಲಿಸುತ್ತದೆ. ಆ ಮಾದರಿಯನ್ನು ಬದಲಿಸುವ ಅಧಿಕಾರ ಇದ್ದದ್ದು ಇಬ್ಬರಿಗೆ, ಒಬ್ಬಳು ಅವಳು. ಇಳಿದಿದ್ದ ಗೆರೆಯನ್ನೇ ಅವಳು ಮಾದರಿ ಮಾಡಿದಳು. ಕಾರಣ ಕೇಳುವ ಜಾಗದಲ್ಲಿ 'ಮಾಸಿಕ ಪರಿಷ್ಕರಣೆ' ಎಂದು ಬರೆದಳು. ಚೌಕ ಹಸಿರಾಯಿತು, ಆಮೇಲೆ ಕೂತ ಬೇರೆ ಬೇರೆ ಪಾಳಿಯವರಿಗೂ ಹಸಿರಾಗಿಯೇ ಕಂಡಿತು. ಹನ್ನೆರಡು ದಿನಕ್ಕೆ ಗೆರೆ ಇನ್ನಷ್ಟು ಇಳಿದು ಮತ್ತೆ ಹಳದಿ ತೋರಿತು. ಆಗ ಎರಡನೆಯ ಸಲ ಬದಲಿಸಿದಳು. ಮೂರನೆಯ ಸಲ ಬದಲಿಸುವಾಗ ಮೂಲೆಯ ಅಂಕಿಯನ್ನು ನೋಡಲೂ ಇಲ್ಲ, ಅದೇ ಅವಳನ್ನು ಹೆದರಿಸಿದ್ದು.

ಹತ್ತೂವರೆಗೆ ಗುಬ್ಬಿ ಬಂದಳು. ಇಪ್ಪತ್ತೆಂಟು ವರ್ಷದ ಸಂಶೋಧನಾ ವಿದ್ಯಾರ್ಥಿನಿ, ಮೇಜಿನಲ್ಲೇ ಕೂತು ಬಿಸ್ಕತ್ತನ್ನು ಚೂರುಚೂರೇ ಕುಟುಕುವುದಕ್ಕೆ ಆ ಹೆಸರು ಬಿದ್ದಿತ್ತು, ಅವಳೇ ಅದನ್ನು ಈಮೇಲಿನ ಕೆಳಗೆ ಹಾಕಿಕೊಳ್ಳುತ್ತಿದ್ದಳು. ಇದು ಐದನೆಯ ವರ್ಷ. ಮೊದಲ ಮಾರ್ಗದರ್ಶಕರು ಬೇರೆ ಕಡೆ ಹೋದರು, ಎರಡನೆಯವರು ವಿಷಯವನ್ನೇ ಬದಲಿಸಿದರು. ತೆರೆದ ಲ್ಯಾಪ್‌ಟಾಪನ್ನು ಮಗುವಿನಂತೆ ಎದೆಗವಚಿಕೊಂಡು ಬಂದ ಗುಬ್ಬಿ, "ಅಕ್ಕಾ, ಒಂದೇ ಒಂದು ನಿಮಿಷ" ಎಂದು ಪಕ್ಕದ ಕುರ್ಚಿ ಎಳೆದುಕೊಂಡಳು.

"ಇದು ನೋಡಿ. ಎಡಗಡೆಗೂ ಬಲಗಡೆಗೂ ಒಂದೇ ಸಮ ಬರಬೇಕು ಅಲ್ವಾ ಕಣಗಳು? ಈ ಕೋನದಲ್ಲಿ ನೋಡಿ, ಬಲಗಡೆ ಕಡಿಮೆ. ಆರು ವಾರದಿಂದ ಕಡಿಮೆ. ಮೂರು ವಾರ ತಲೆ ಕೆಡಿಸ್ಕೊಂಡೆ ಅಕ್ಕಾ, ನನ್ನ ಪ್ರೋಗ್ರಾಮ್ ತಪ್ಪಿರಬೇಕು ಅಂತ ಎರಡು ಸಲ ಮೊದಲಿಂದ ಬರೆದೆ. ಹೋಗ್ತಾನೇ ಇಲ್ಲ."

ಅವಳು ನೋಡಿದಳು. ಆ ಕೋನದಲ್ಲಿ ಏನಿದೆ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ, ಸ್ವಂತ ಮನೆಯ ಕಿಟಕಿಯನ್ನು ಬೀದಿಯಿಂದ ಗುರುತಿಸಿದ ಹಾಗೆ ಗುರುತಿಸಿದಳು. ಮೂವತ್ನಾಲ್ಕು. "ಹೂಂ" ಎಂದಳು.

"ಮಧ್ಯಾಹ್ನ ಎರಡೂವರೆಗೆ ಸಭೆಯಲ್ಲಿ ತೋರಿಸ್ತಿದ್ದೀನಿ. ಮುಂದಿನ ವಾರ ಸಮಿತಿಯವರು ನನ್ನ ಅವಧಿ ಮುಂದುವರಿಸೋದಾ ಬೇಡವಾ ಅಂತ ಕೂರ್ತಾರೆ. ಇದು ನಿಜವಾಗಿದ್ರೆ, ಇದುವರೆಗೆ ಯಾರೂ ಕಂಡಿರದ್ದಾದ್ರೆ..." ಗುಬ್ಬಿ ಬಾಯಿ ಮುಚ್ಚಿಕೊಂಡಳು, ಹೇಳಿದರೆ ಹಾರಿಹೋಗುತ್ತದೆ ಎನ್ನುವ ಹಾಗೆ. "ನಿಮ್ಮ ಹಸಿರು ಗುರುತೆಲ್ಲ ನೋಡ್ಕೊಂಡೇ ಮಾಡಿದ್ದು. ಆದ್ರೂ ಬಾಯಲ್ಲಿ ಒಂದು ಸಲ ಕೇಳಿಬಿಡೋಣ ಅಂತ. ಆ ಕಡೆ ಚೇಂಬರುಗಳೆಲ್ಲ ಸರಿಯಿದ್ವಾ ಅಕ್ಕಾ?"

"ಸರಿಯಿದ್ವು."

ಎಷ್ಟು ಸಲೀಸಾಗಿ ಬಂತು ಆ ಮಾತು. ಗುಬ್ಬಿ ಅವಳ ಭುಜ ಹಿಡಿದು ಅಲ್ಲಾಡಿಸಿ, "ನೀವು ಸರಿ ಅಂದ್ರೆ ಸರಿ" ಎಂದು ಹೊರಟೇಹೋದಳು. ಕುರ್ಚಿಯ ಮೇಲೆ ಬಿಸ್ಕತ್ತಿನ ಪುಡಿ ಉಳಿದಿತ್ತು. ಅವಳು ಅದನ್ನು ಅಂಗೈಯಿಂದ ಒಟ್ಟುಮಾಡಿ ಎಲ್ಲಿ ಹಾಕುವುದೆಂದು ತಿಳಿಯದೆ ಹಿಡಿದುಕೊಂಡೇ ಕೂತಳು. ಚಿಕ್ಕಂದಿನ ಒಂದು ಮಧ್ಯಾಹ್ನ ನೆನಪಾಯಿತು. ಅವಳಿಗೆ ಒಂಬತ್ತು ವರ್ಷ, ಬಿಸಿಲು ಕಿಟಕಿಯ ಸರಳುಗಳನ್ನು ನೆಲದ ಮೇಲೆ ಉದ್ದುದ್ದ ಎಳೆದಿದೆ, ಕಂಬಳಿಯೊಳಗೆ ಜ್ವರದ ತಮ್ಮ ಕೆಂಪಗೆ ಬೆವರುತ್ತಿದ್ದಾನೆ, ಬೆಳಗಿನಿಂದ ಹೊಲಿಗೆ ಯಂತ್ರ ತುಳಿದ ಅಮ್ಮ ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿದ್ದಾಳೆ. ಹಿಂದಿನ ದಿನ ಅವಳು ಥರ್ಮಾಮೀಟರನ್ನು ಒದರದೆ ಇಟ್ಟು, ಹಳೆಯ ಅಂಕಿಯನ್ನೇ ಓದಿ, ಅಮ್ಮಾ ನೂರಾ ಮೂರು ಎಂದು ಕಿರುಚಿ ಎಬ್ಬಿಸಿದ್ದಳು. ಅಮ್ಮ ಓಡಿಬಂದು ಮತ್ತೆ ಇಟ್ಟು ನೋಡಿ, ಬಂದಿದ್ದ ಚಿಕ್ಕಮ್ಮನ ಎದುರಿಗೇ, "ಇಷ್ಟು ದೊಡ್ಡವಳಾಗಿದ್ದೀಯ, ಒಂದು ಅಂಕಿ ಓದೋಕೆ ಬರಲ್ವಾ?" ಎಂದಿದ್ದಳು. ಇವತ್ತು ಒದರಿ ಇಟ್ಟಿದ್ದಾಳೆ. ಪಾದರಸ ನೂರಾ ಮೂರು ದಾಟಿ ನಿಂತಿದೆ. ಒಳಗಿನಿಂದ ಅಮ್ಮ, "ಎಷ್ಟಿದೆಯೇ?" ಎಂದು ಕೇಳಿದಳು. "ಸರಿಯಿದೆಯಮ್ಮ." ಹಾಗೆಂದು ತಮ್ಮನ ತಲೆದೆಸೆಯಲ್ಲಿ ಕೂತು ಅವನ ಉಸಿರು ಎಣಿಸಿದಳು, ಸಾವಿರಕ್ಕೆ ಬಂದಾಗ ಲೆಕ್ಕ ತಪ್ಪಿತು. ಸಂಜೆ ಹೊತ್ತಿಗೆ ಜ್ವರ ತಾನಾಗಿಯೇ ಬಿಟ್ಟಿತು. ಏನೂ ಆಗಲಿಲ್ಲ. ಆ ತಮ್ಮ ಈಗಲೂ ಭಾನುವಾರ ಫೋನು ಮಾಡಿ ಮಂಡಿನೋವಿನ ಕತೆ ಹೇಳುತ್ತಾನೆ. ಏನಾದರೂ ಆಗಿದ್ದರೆ ಅವಳು ಬೇರೆ ಹೆಂಗಸಾಗುತ್ತಿದ್ದಳೋ ಏನೋ. ಏನೂ ಆಗದೆ ಹೋದದ್ದೇ ಅವಳೊಳಗೆ ಎಲ್ಲೋ ಗಟ್ಟಿಯಾಗಿ ಕೂತುಬಿಟ್ಟಿತ್ತು.

"ಅಕ್ಕಾ, ಟೀ ಕುಡಿದು ಬನ್ನಿ, ನಾನು ನೋಡ್ಕೋತೀನಿ" ಎಂದ ಹೈವೋಲ್ಟೇಜಿನವನು. ಅವಳ ಕಾಲು ಕ್ಯಾಂಟೀನಿನ ಕಡೆ ಹೋಗದೆ ಅಂಗಳ ದಾಟಿ ಅನಿಲದ ಕೋಣೆಯ ಕಡೆ ಹೋಯಿತು. ಅಲ್ಲಿ ಗ್ಯಾಸ್ ಮೇಷ್ಟ್ರು ಇರುತ್ತಾರೆ. ಮೊದಲು ಎಲ್ಲೋ ಪಾಠ ಹೇಳುತ್ತಿದ್ದವರು, ಈಗ ಸಿಲಿಂಡರುಗಳ ಮತ್ತು ಕೊಳವೆಗಳ ಯಜಮಾನರು, ಬರುವ ವರ್ಷ ನಿವೃತ್ತಿ. ಗೋಡೆಯುದ್ದಕ್ಕೂ ಬೆರಳುದ್ದದ ಗಾಜಿನ ಬುಡ್ಡಿಗಳು, ಒಂದೊಂದರಲ್ಲೂ ಒಂದಿಷ್ಟು ಎಣ್ಣೆ. ಚೇಂಬರಿನಿಂದ ಮರಳಿ ಬರುವ ಅನಿಲ ಆ ಎಣ್ಣೆಯಲ್ಲಿ ಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ಏಳುತ್ತಿದ್ದರೆ ಹರಿವು ಸರಿಯಿದೆ ಎಂದರ್ಥ. ಕೋಣೆಯ ತುಂಬ ಆ ಗುಳುಗುಳು ಸದ್ದು. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿಕೊಂಡು ಪತ್ರಿಕೆ ಓದುತ್ತಿದ್ದರು.

"ಬನ್ನಿ ತಾಯಿ, ಏನು ಅಪರೂಪ. ಹೊರಗೆ ಹವೆ ಹೇಗಿದೆ?" ಎಂದವರು ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. "ತಮಾಷೆಗೆ ಅಂದೆ."

"ಮೂವತ್ನಾಲ್ಕರ ಬುಡ್ಡಿ ಯಾವುದು ಮೇಷ್ಟ್ರೆ?"

ಅವರು ತೋರಿಸುವ ಮೊದಲೇ ಅವಳಿಗೆ ಕಂಡಿತು. ಸಾಲಿನಲ್ಲಿ ಅದೊಂದು ಮಾತ್ರ ಯೋಚನೆ ಮಾಡಿ ಮಾಡಿ ಗುಳ್ಳೆ ಬಿಡುತ್ತಿತ್ತು. ಒಂದು ಬಂತು. ಅವಳು ಕಾದಳು. ಉಳಿದವು ಇಪ್ಪತ್ತು ಬಿಡುವಷ್ಟರಲ್ಲಿ ಇನ್ನೊಂದು.

"ಅದಾ?" ಎಂದರು ಮೇಷ್ಟ್ರು. "ಅದು ಒಂದೂವರೆ ತಿಂಗಳಿಂದ ಹಂಗೇ ಇದೆ. ಕೊಳವೆ ಎಲ್ಲೋ ಸೋರ್ತಿರಬೇಕು, ಹೊರಗಿನ ಗಾಳಿ ಒಳಗೆ ಸೇರ್ತಿರಬೇಕು ಅನ್ನಿಸ್ತು ನನಗೆ. ಬಿಚ್ಚಿ ನೋಡಿಬಿಡೋಣ ಅಂತ ಸ್ಪ್ಯಾನರ್ ಕೂಡ ಕೈಗೆ ತಗೊಂಡಿದ್ದೆ. ಆಮೇಲೆ ನಿಮ್ಮ ಪರದೆ ನೋಡಿದೆ, ಹಸಿರು ಇತ್ತು. ಸಿಗ್ನಲ್ಲು ಸರಿಯಿದೆ ಅಂತ ನೀವೇ ಹೇಳ್ತಿದ್ದೀರಲ್ಲ, ಈ ಮುದುಕನ ಕಣ್ಣು ಏನು ಮಹಾ ಅಂತ ಸುಮ್ಮನಾದೆ. ಯಾಕೆ, ಏನಾಯ್ತು?"

"ಏನಿಲ್ಲ" ಎಂದಳು. ಹೊರಗೆ ಬಂದು ಅಂಗಳದ ನಡುವೆ ನಿಂತುಬಿಟ್ಟಳು. ತಾನು ಮಾತ್ರ ಸುಮ್ಮನಿದ್ದೇನೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳು, ಅದೊಂದು ಖಾಸಗಿ ತಪ್ಪು, ಬಾಯಿಯೊಳಗಿನ ಹುಣ್ಣಿನ ಹಾಗೆ ತನಗೆ ಮಾತ್ರ ಗೊತ್ತಾಗುವಂಥದ್ದು. ಈಗ ನೋಡಿದರೆ ಇನ್ನೊಬ್ಬರು ಕೈಗೆ ಸ್ಪ್ಯಾನರ್ ತೆಗೆದುಕೊಂಡಿದ್ದರು, ಅವಳ ಹಸಿರು ಅದನ್ನು ಕೆಳಗಿಡಿಸಿತ್ತು. ಗುಬ್ಬಿ ತನ್ನ ಪ್ರೋಗ್ರಾಮನ್ನು ಎರಡು ಸಲ ಹರಿದು ಹಾಕಿದ್ದಳು, ಚೇಂಬರನ್ನು ಅನುಮಾನಿಸಿರಲಿಲ್ಲ. ಸೈಕಲ್ ಮೇಲೆ ಹೋಗುತ್ತಿದ್ದ ಯಾರೋ ಗಂಟೆ ಬಾರಿಸಿದರು. ದಾರಿಗೆ ಅಡ್ಡವಾಗಿ ನಿಂತಿದ್ದದ್ದು ಗೊತ್ತಾಗಿ ಪಕ್ಕಕ್ಕೆ ಸರಿದಳು, ಸರಿಯುವಾಗ ಮುಷ್ಟಿ ಬಿಚ್ಚಿತು, ಅಂಗೈಯಲ್ಲಿ ಬಿಸ್ಕತ್ತಿನ ಪುಡಿ ಇನ್ನೂ ಇತ್ತು.

ಊಟದ ಹೊತ್ತಿನಲ್ಲಿ ಡಬ್ಬಿ ತೆರೆದು ಮುಚ್ಚಿದಳು. ಹೇಗೆ ಹೇಳುವುದೆಂದು ನಾಲ್ಕು ರೀತಿ ಮನಸ್ಸಿನಲ್ಲೇ ಬರೆದಳು. ಒಂದರಲ್ಲಿ ಅದು ಇವತ್ತೇ ಗಮನಕ್ಕೆ ಬಂದದ್ದು. ಒಂದರಲ್ಲಿ ಮಾದರಿ ಗೆರೆ ತಾನಾಗಿಯೇ ಬದಲಾಗಿತ್ತು. ಇನ್ನೊಂದರಲ್ಲಿ, ಅವಳಿಗೇ ನಾಚಿಕೆಯಾಗುವಂತೆ, ತಪ್ಪೆಲ್ಲ ಗುಳ್ಳೆಯ ವಿಷಯ ತಿಳಿಸದೆ ಇದ್ದ ಮೇಷ್ಟ್ರದು. ಆ ಮೂರನೆಯದು ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ ಅವಳು ಎದ್ದು ಹೋಗಿ ಮುಖ ತೊಳೆದುಕೊಂಡಳು. ನಾಲ್ಕನೆಯದು ನಿಜ, ಅದಕ್ಕೆ ಎರಡೇ ಮಾತು ಸಾಕಿತ್ತು.

ಎರಡೂ ಇಪ್ಪತ್ತೈದಕ್ಕೆ ಸಭಾಂಗಣದ ಹೊರಗಿನ ಓಣಿಯಲ್ಲಿ ಗುಬ್ಬಿ ಗೋಡೆಯ ಕಡೆ ಮುಖ ಮಾಡಿಕೊಂಡು ತುಟಿ ಆಡಿಸುತ್ತಿದ್ದಳು, ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಳು, ತೋಳಿನಲ್ಲಿ ಇಸ್ತ್ರಿಯ ಗೆರೆ ಎರಡಾಗಿ ಮೂಡಿತ್ತು.

"ಗುಬ್ಬೀ, ಮೂವತ್ನಾಲ್ಕು ಕೆಟ್ಟಿದೆ."

"ಏನು?"

"ಚೇಂಬರು. ಮಿಡಿತ ಇಳಿದಿದೆ. ನಿನ್ನ ಬಲಗಡೆ ಕಡಿಮೆ ಬರ್ತಿರೋದು ಅದಕ್ಕೆ. ಅನಿಲಕ್ಕೆ ಗಾಳಿ ಸೇರಿದೆ. ನಾನು ಮಾದರಿ ಗೆರೆ ಬದಲಾಯಿಸಿ ಹಸಿರು ಮಾಡಿಟ್ಟಿದ್ದೆ."

ಗುಬ್ಬಿ ನಗಲು ಹೊರಟಳು, ಅರ್ಧಕ್ಕೆ ನಿಲ್ಲಿಸಿದಳು. "ಬೆಳಿಗ್ಗೆ ಕೇಳಿದೆನಲ್ಲ ನಿಮ್ಮನ್ನ."

"ಹೌದು."

"ಸರಿಯಿದೆ ಅಂದ್ರಿ."

"ಅಂದೆ."

"ಎಷ್ಟು ದಿನದಿಂದ?"

"ನಲವತ್ತೊಂದು."

ಗುಬ್ಬಿ ಲ್ಯಾಪ್‌ಟಾಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು, ಮತ್ತೆ ಎತ್ತಿಕೊಂಡಳು. ಬೈಯುತ್ತಾಳೆ ಎಂದು ಅವಳು ಕಾದಳು, ಬೈದರೆ ಒಳ್ಳೆಯದಿತ್ತು. ಗುಬ್ಬಿ ಹತ್ತಿರ ಬಂದು ದನಿ ತಗ್ಗಿಸಿ, "ಅಕ್ಕಾ, ಇವತ್ತೊಂದು ದಿನ ಸುಮ್ಮನಿದ್ದುಬಿಡಿ" ಎಂದಳು. "ಹೇಗೂ ನಲವತ್ತೊಂದು ದಿನ ಇದ್ರಲ್ಲ. ಇವತ್ತು ತೋರಿಸ್ತೀನಿ, ಸಮಿತಿ ಮುಗೀಲಿ, ಅವಧಿ ಸಿಗಲಿ. ಆಮೇಲೆ ನಾನೇ ಕಂಡುಹಿಡಿದ ಹಾಗೆ ತಿದ್ದುತೀನಿ. ನಿಮ್ಮ ಹೆಸರೂ ಬರಲ್ಲ. ಯಾರಿಗೇನು ನಷ್ಟ ಹೇಳಿ?" ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ದನಿ ಎಷ್ಟು ಸ್ಥಿರವಾಗಿತ್ತು, ಒಂದೇ ನಿಮಿಷದಲ್ಲಿ ಎಷ್ಟು ವಯಸ್ಸಾಗಿಬಿಟ್ಟಿತ್ತು ಆ ದನಿಗೆ. ಅದನ್ನು ತಾನೇ ಕಲಿಸಿಕೊಟ್ಟೆ ಎನ್ನಿಸಿತು ಅವಳಿಗೆ. ಉತ್ತರ ಹೇಳುವಷ್ಟರಲ್ಲಿ ಬಾಗಿಲು ತೆರೆಯಿತು, ಯಾರೋ "ಬನ್ನಿ, ಶುರು ಮಾಡೋಣ" ಎಂದರು.

ಅವಳು ಹಿಂದಿನ ಸಾಲಿನಲ್ಲಿ ಕೂತಳು. ಗುಬ್ಬಿ ಚೆನ್ನಾಗಿ ಮಾತಾಡಿದಳು, ಬಾಯಿಪಾಠ ಮಾಡಿದ್ದಕ್ಕಿಂತ ಚೆನ್ನಾಗಿ. ಎಡಗಡೆ, ಬಲಗಡೆ, ಆರು ವಾರ. ಸಭೆಯಲ್ಲಿ ಕಾಲು ಕುಣಿಸುತ್ತಿದ್ದವರು ನಿಲ್ಲಿಸಿದರು, ಫೋನು ನೋಡುತ್ತಿದ್ದವರು ತಲೆಯೆತ್ತಿದರು. ಪರದೆಯ ಮೇಲೆ ಬಲಗಡೆಯ ಆ ತಗ್ಗು ಒಂದು ಗೇಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು, ಅದು ತನ್ನದು ಎಂದು ಅವಳಿಗನ್ನಿಸಿತು, ಬಟ್ಟೆ ಹರಿದು ಮೈ ಕಂಡಾಗ ಆಗುವ ಹಾಗೆ ಒಂದು ಸಲ ಕೈಯಿಂದ ಮುಚ್ಚಿಬಿಡಬೇಕೆನ್ನಿಸಿತು. ಸುಮ್ಮನಿದ್ದರೆ ಈಗ ಇಬ್ಬರಿಗೆ ಉಪಕಾರವಾಗುತ್ತದೆ. ಸುಮ್ಮನಿರು ಎಂದು ಬೇರೆಯವರೇ ಕೇಳಿಕೊಂಡಿದ್ದಾರೆ. ಇಷ್ಟು ಅನುಕೂಲದ ಮೌನ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ. ಮುಖ್ಯಸ್ಥರು ಮುಂದಕ್ಕೆ ಬಾಗಿ, "ಚೆನ್ನಾಗಿದೆ. ಮೊದಲನೆ ಪ್ರಶ್ನೆ, ಆ ಕಡೆ ಚೇಂಬರುಗಳು ಸರಿಯಿದ್ದವಾ?" ಎಂದರು.

ಗುಬ್ಬಿಯ ಬೆರಳು ಮೇಜಿನ ಅಂಚು ಹಿಡಿಯಿತು. "ಹಸಿರು ಗುರುತಿದೆ ಸರ್. ಬೆಳಿಗ್ಗೆ ಕೇಳ್ದಾಗ ಅಕ್ಕನೂ ಸರಿಯಿದೆ ಅಂದ್ರು." ಒಂದಕ್ಷರವೂ ಸುಳ್ಳಲ್ಲ.

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಅವಳು ಎದ್ದುನಿಂತಾಗ ಕುರ್ಚಿ ಹಿಂದಕ್ಕೆ ಜರುಗಿ ಗೋಡೆಗೆ ಬಡಿಯಿತು. "ಸರಿಯಿರಲಿಲ್ಲ" ಎಂದಳು. ಮುಂದಿನ ಸಾಲಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು, ಅದೇ ಕಷ್ಟವಾದದ್ದು. "ಮೂವತ್ನಾಲ್ಕನೆಯ ಚೇಂಬರು ಸರಿಯಿರಲಿಲ್ಲ. ನಾನು ನೋಡಿದ್ದೆ. ಮಾದರಿ ಗೆರೆಯನ್ನ ಮೂರು ಸಲ ಬದಲಾಯಿಸಿ ಹಸಿರು ಮಾಡಿದೆ. ಬೆಳಿಗ್ಗೆ ಅವಳಿಗೆ ಸುಳ್ಳು ಹೇಳಿದೆ." ನೀವೆಲ್ಲ ಆವತ್ತು ನಕ್ಕಿದ್ರಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿದ್ದರೆ ಅರ್ಧ ಜನ ತಲೆ ತಗ್ಗಿಸುತ್ತಿದ್ದರು. ಅವಳು ಅದನ್ನು ನುಂಗಿಕೊಂಡಳು.

ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರು ಮನಸ್ಸಿನಲ್ಲೇ ದಿನ, ಗಂಟೆ, ಹಾಳಾದ ದತ್ತಾಂಶವನ್ನೆಲ್ಲ ಗುಣಿಸುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. "ನೀವು ನೋಡ್ತಿದ್ದೀರಿ ಅಂತ ನಾವ್ಯಾರೂ ನೋಡಲಿಲ್ಲ" ಎಂದರು ಕಡೆಗೆ. ಕೂಗಾಡಲಿಲ್ಲ. "ಪಾಳಿ ಮುಗಿಯೋವರೆಗೆ ಇದ್ದು ಅಷ್ಟೂ ದಿನದ ಗುರುತು ತಿದ್ದಿಬಿಡಿ. ಉಳಿದದ್ದು ನಾಳೆ ಮಾತಾಡೋಣ." ಗುಬ್ಬಿ ಪರದೆಯನ್ನು ಆರಿಸಲು ಗುಂಡಿ ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ, ಆ ತಗ್ಗು ಇನ್ನೂ ಗೋಡೆಯ ಮೇಲೇ ಇತ್ತು.

ನಿಯಂತ್ರಣ ಕೋಣೆಗೆ ಸುದ್ದಿ ಅವಳಿಗಿಂತ ಮೊದಲೇ ಬಂದು ಕೂತಿತ್ತು. ಹೈವೋಲ್ಟೇಜಿನವನು ತನ್ನ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವಳು ಮೇಷ್ಟ್ರಿಗೆ ಫೋನು ಮಾಡಿ ವಿಷಯ ಹೇಳಿದಳು. ಅವರು "ಸರಿ, ಬಿಚ್ತೀನಿ" ಎಂದಷ್ಟೇ ಹೇಳಿ ಇಟ್ಟರು. ಗುರುತು ತಿದ್ದುವುದು ಒಂದೇ ಸಲಕ್ಕೆ ಆಗುವ ಕೆಲಸವಾಗಿರಲಿಲ್ಲ. ಒಂದೊಂದು ದಿನವನ್ನೂ ಬೇರೆಬೇರೆ ತೆರೆಯಬೇಕು, ಹಸಿರನ್ನು ಕೆಂಪು ಮಾಡಬೇಕು, ಕಾರಣ ಬರೆಯಬೇಕು. 'ಅನಿಲದ ಹರಿವು ಕಡಿಮೆ' ಎಂದು ಬರೆಯುತ್ತ ಹಿಂದಕ್ಕೆ ಹಿಂದಕ್ಕೆ ಹೋದಳು, ಮೂವತ್ತು, ಇಪ್ಪತ್ತು, ಹನ್ನೆರಡು. ನಾಲ್ಕು ಗಂಟೆಗೆ ಮುಂದಿನ ಪಾಳಿಯವನು ಬಂದು ಹಿಂದೆ ನಿಂತು ಕೆಮ್ಮಿದ. ಅವಳು ಮೂಲೆಯ ಇನ್ನೊಂದು ಕಂಪ್ಯೂಟರಿಗೆ ಜಾಗ ಬದಲಿಸಿದಳು. ಮೊದಲ ದಿನ ಬಂತು, ಆ ಮಂಗಳವಾರ. ಅನಿಲದ ಹರಿವು ಎಂದು ಬರೆದವಳು ನಿಲ್ಲಿಸಿ ಅಳಿಸಿದಳು. 'ಮೇಲ್ವಿಚಾರಕಿ ಕಂಡಿದ್ದರೂ ತಿಳಿಸಲಿಲ್ಲ' ಎಂದು ಬರೆದು ಒತ್ತಿದಳು. ಗಣಕಕ್ಕೆ ಎರಡು ಕಾರಣವೂ ಒಂದೇ, ಅದು ಸುಮ್ಮನೆ ಕೆಂಪಾಯಿತು.

ಐದರ ಹೊತ್ತಿಗೆ ಮೇಷ್ಟ್ರ ಫೋನು ಬಂತು. "ಕೊಳವೆಯ ಮೂತಿ ಸೀಳಿತ್ತು, ಬೇರೆ ಹಾಕಿದ್ದೀನಿ. ಗುಳ್ಳೆ ಚೆನ್ನಾಗಿ ಏಳ್ತಿದೆ. ಅಲ್ಲೇನಾದ್ರೂ ಕಾಣ್ತಿದೆಯಾ? ಸ್ವಲ್ಪನಾದ್ರೂ ಏರಿರಬೇಕಲ್ಲ?" ಆ ಮುದುಕನ ದನಿಯಲ್ಲಿ ಒಂದು ಹೌದು ಕೇಳಿಸಿಕೊಳ್ಳುವ ಆಸೆಯಿತ್ತು. ಅವಳಿಗೆ ಅದನ್ನು ಕೊಟ್ಟುಬಿಡಬೇಕೆನ್ನಿಸಿತು. ಗೆರೆಯನ್ನು ದಿಟ್ಟಿಸಿ ನೋಡಿದಳು. "ಇಲ್ಲ ಮೇಷ್ಟ್ರೆ. ಇನ್ನೂ ಏನೂ ಏರಿಲ್ಲ."

ಫೋನು ಇಟ್ಟು ತಿರುಗಿದರೆ ಗುಬ್ಬಿ ಬಂದು ನಿಂತಿದ್ದಳು. ಮುಖ ತೊಳೆದುಕೊಂಡು ಬಂದಿದ್ದಳು, ಕೈಯಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ, ಒಂದು ನೋಟ್‌ಬುಕ್ಕು ಮತ್ತು ಪೆನ್ನು. "ಮೇಡಂ, ಮೊದಲನೆ ದಿನ ಯಾವುದು?" ಎಂದಳು.

ಅವಳಿಗೆ ಆ 'ಮೇಡಂ' ಎನ್ನುವುದು ಕೆನ್ನೆಗೆ ಬಡಿದ ಹಾಗಾಯಿತು. "ಆ ಮಂಗಳವಾರ. ಬೆಳಿಗ್ಗೆ ಹತ್ತೂ ಇಪ್ಪತ್ತು." ತಾರೀಕನ್ನೂ ಹೇಳಿದಳು. ಗುಬ್ಬಿ ಬರೆದುಕೊಂಡು ಅದರ ಕೆಳಗೆ ಗೆರೆ ಎಳೆದಳು.

"ಅದಕ್ಕೂ ಹಿಂದಿನದು?"

"ಹಿಂದಿನದೆಲ್ಲ ಸರಿಯಿದೆ."

ಗುಬ್ಬಿ ತಲೆಯೆತ್ತಿದಳು. ಕಣ್ಣು ಕೆಂಪಾಗಿದ್ದವು, ಆದರೆ ಕೇಳಿದ್ದರಲ್ಲಿ ಕೊಂಕಿರಲಿಲ್ಲ, ನಿಜವಾಗಿ ಗೊತ್ತಾಗದೆ ಕೇಳಿದಳು. "ನಂಬಲಾ?"

ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವಳನ್ನು ಆ ಪ್ರಶ್ನೆ ಕೇಳಿರಲಿಲ್ಲ. ನಂಬು ಎನ್ನಲು ಬಾಯಿ ತೆರೆದಳು. ಹಿಂದಿನ ದಿನಗಳು ಸರಿಯಾಗಿಯೇ ಇದ್ದವು, ಅವಳಿಗೆ ಖಚಿತವಾಗಿ ಗೊತ್ತಿತ್ತು. ಗೊತ್ತಿರುವುದರಿಂದ ಈಗ ಏನೂ ಉಪಯೋಗವಿರಲಿಲ್ಲ.

"ನಂಬಬೇಡ" ಎಂದಳು. "ಕೂತ್ಕೊ. ಒಂದೊಂದೇ ತೆಗೀತೀನಿ, ನೀನೇ ನೋಡು."

ಗುಬ್ಬಿ ನೋಟ್‌ಬುಕ್ಕಿನ ಹೊಸ ಹಾಳೆ ತೆರೆದಳು. ಆಮೇಲೆ ಒಂದು ಕುರ್ಚಿ ಎಳೆದು, ಇಬ್ಬರ ನಡುವೆ ಇನ್ನೊಂದು ಕುರ್ಚಿ ಹಿಡಿಯುವಷ್ಟು ಜಾಗ ಬಿಟ್ಟು ಕೂತಳು. ಅವಳು ಆ ಮಂಗಳವಾರದ ಹಿಂದಿನ ಸೋಮವಾರವನ್ನು ತೆರೆದು, ಪರದೆಯನ್ನು ಗುಬ್ಬಿಯ ಕಡೆಗೆ ತಿರುಗಿಸಿದಳು.